ಟವಲಿನಡಿಯ ಒಣ ಕೈ

ಹೋದ ಮಂಗಳವಾರ ಕುಶಾಲನಗರದ ಸಂತೆಯಲ್ಲಿ ಒಂದು ಎತ್ತು ಕೊಂಡೆ. ಆರು ಹಲ್ಲಿನ ಪ್ರಾಯದ್ದು, ಮೈಮೇಲಿನ ಸುಳಿ ಶುದ್ಧ, ಕೊಂಬು ನೋಡಿದರೆ ದೃಷ್ಟಿಯಾಗಬೇಕು. ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಬೆಲೆಗಿಂತ ಕಡಿಮೆಗೇ ಸಿಕ್ಕಿತು. ಇಂಥ ದಿನ ನಾನು ಮನೆಗೆ ಬಂದವನೇ ಎರಡು ಮುದ್ದೆ ಮುಗಿಸುವವನು. ಅವತ್ತು ಒಂದು ಮುದ್ದೆಯಲ್ಲೇ ಅರ್ಧ ತಟ್ಟೆಯಲ್ಲಿ ಉಳಿಯಿತು.

ಯಾಕೆ? ಹೇಳುತ್ತೇನೆ. ಅದಕ್ಕೆ ಮೊದಲು ಒಂದು ತಿದ್ದುಪಡಿ ಇದೆ.

ಎರಡು ತಿಂಗಳ ಹಿಂದೆ ಪತ್ರಿಕೆಯ ಇದೇ ಜಾಗದಲ್ಲಿ ಒಂದು ಬರಹ ಬರೆದಿದ್ದೆ. ಕೋಪವೋ ಹೆದರಿಕೆಯೋ ದುಃಖವೋ ಮೈಮೇಲೆ ಬಂದಾಗ ಮನಸ್ಸಿಗೆ ಬುದ್ಧಿ ಹೇಳಿ ಉಪಯೋಗವಿಲ್ಲ, ಮೈಗೆ ಹೇಳಿ ಎಂದಿದ್ದೆ. ಹಿಮ್ಮಡಿಯನ್ನು ನೆಲಕ್ಕೆ ಊರಿ. ಉಸಿರನ್ನು ಎಳೆದುಕೊಂಡದ್ದಕ್ಕಿಂತ ಎರಡರಷ್ಟು ಹೊತ್ತು ಹೊರಗೆ ಬಿಡಿ. ದವಡೆ ಸಡಿಲ ಮಾಡಿ. ಹತ್ತಿರದಲ್ಲಿ ತಣ್ಣೀರಿದ್ದರೆ ಮುಂಗೈ ಅದ್ದಿ, ಮುಖಕ್ಕೆ ಹಾಕಿಕೊಳ್ಳಿ. ಇಷ್ಟೇ. ಖರ್ಚಿಲ್ಲ, ಡಾಕ್ಟರ ಚೀಟಿ ಬೇಡ.

ನನ್ನ ಯಾವ ಬರಹಕ್ಕೂ ಸಿಗದ ಮರ್ಯಾದೆ ಅದಕ್ಕೆ ಸಿಕ್ಕಿತು. (ಕಾಫಿ ಗಿಡದ ಕಸಿಯ ಬಗ್ಗೆ ಮೂರು ವಾರ ಬರೆದಿದ್ದೆನಲ್ಲ, ಅದನ್ನು ಓದಿದವರು ಯಾರಾದರೂ ಇದ್ದರೆ ಕೈ ಎತ್ತಿ.) ಮಡಿಕೇರಿಯ ಬಸ್ ಸ್ಟ್ಯಾಂಡಿನಲ್ಲಿ ಭಾಗಮಂಡಲದ ಬಸ್ಸಿನ ಕಂಡಕ್ಟರು ನನ್ನನ್ನು ಹಿಡಿದು ನಿಲ್ಲಿಸಿದರು.

“ಗೌಡ್ರೇ, ನೀವು ಬರೆದ ಹಾಗೇ ಮಾಡಿದೆ. ಒಬ್ಬ ಟಿಕೆಟ್ ತಗೊಳ್ಳದೆ ಲಾ ಮಾತಾಡ್ತಿದ್ದ. ಸಿಟ್ಟು ನೆತ್ತಿಗೇರ್ತು. ಉದ್ದಕ್ಕೆ ಉಸಿರು ಬಿಟ್ಟೆ, ಹಲ್ಲಿನ ಸಂದೀಲಿ.”

“ಸಿಟ್ಟು ಇಳೀತಾ?”

“ಸಿಟ್ಟು ಇಳೀತು. ಟೈರಿನ ಗಾಳಿ ಹೋಗ್ತಾ ಉಂಟು ಅಂತ ಬಸ್ಸಲ್ಲಿದ್ದವರೂ ಎಲ್ಲ ಇಳಿದ್ರು.”

ಬಿಟ್ಟಂಗಾಲದ ಕಡೆಯ ಶಾಲೆಯ ಟೀಚರೊಬ್ಬರು ಕಾಗದ ಬರೆದಿದ್ದರು. ಇನ್ಸ್‌ಪೆಕ್ಟರು ಬರುವ ದಿನ ಅವರ ಕೈಕಾಲು ನಡುಗುವುದಂತೆ, ಬೋರ್ಡಿನ ಮೇಲೆ ಬರೆದದ್ದು ಇಂಗ್ಲಿಷೋ ಕನ್ನಡವೋ ತಿಳಿಯದಷ್ಟು. ಈ ಸಲ ಮೂಲೆಯ ನೀರಿನ ಪಾತ್ರೆಗೆ ಎರಡೂ ಮುಂಗೈ ಅದ್ದಿ ನಿಂತರಂತೆ. ನಡುಕವೇನೋ ನಿಂತಿತು. ಟೀಚರು ಕೈ ತೊಳೆದದ್ದು ನೋಡಿ ಮಕ್ಕಳೆಲ್ಲ ಊಟದ ಹೊತ್ತಾಯಿತೆಂದು ಬುತ್ತಿ ಹಿಡಿದು ಅಂಗಳಕ್ಕೆ ಓಡಿದರು. ಇನ್ಸ್‌ಪೆಕ್ಟರು ಬಾಗಿಲಲ್ಲಿ. ಆದರೂ ಟೀಚರು ಧನ್ಯವಾದ ಬರೆದಿದ್ದಾರೆ. ದೊಡ್ಡ ಮನಸ್ಸು.

ಅಂದರೆ ಮದ್ದು ಸುಳ್ಳಲ್ಲ. ಆದರೆ ಅದರ ಜೊತೆ ಕೊಡಬೇಕಾಗಿದ್ದ ಪಥ್ಯವನ್ನು ನಾನು ಬರೆದಿರಲಿಲ್ಲ. ಬರೆಯದೇ ಇದ್ದದ್ದಕ್ಕೆ ಕಾರಣ, ನನಗೇ ಗೊತ್ತಿರಲಿಲ್ಲ.

ಇನ್ನು ಎತ್ತಿನ ಮಾತು.

ಸಂತೆಯಲ್ಲಿ ದನದ ವ್ಯಾಪಾರ ನೋಡಿದವರಿಗೆ ಗೊತ್ತು, ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನು, ಮಾರುವವನು ಎದುರುಬದುರು ನಿಂತು ಬಲಗೈ ಹಿಡಿದುಕೊಳ್ಳುತ್ತಾರೆ. ದಲ್ಲಾಳಿ ಮೇಲೊಂದು ಟವಲು ಹಾಕುತ್ತಾನೆ. ಒಳಗೆ ಬೆರಳುಗಳು ಮಾತಾಡುತ್ತವೆ. ಎಷ್ಟು ಬೆರಳು ಹಿಡಿದರೆ ಎಷ್ಟು ಎಂಬ ಲೆಕ್ಕ ಇಬ್ಬರಿಗೂ ಗೊತ್ತು. ಬೆರಳು ಬಿಡಿಸಿಕೊಂಡರೆ ಒಲ್ಲೆ. ಅಂಗೈಗೆ ತಟ್ಟಿದರೆ ಆಯಿತು. ಸುತ್ತ ನೂರು ಜನ ನಿಂತಿದ್ದರೂ ಕಾಣುವುದು ಟವಲು ಮಾತ್ರ. ಟವಲಿನೊಳಗಿನ ಬೆಲೆಯನ್ನು ಹೊರಗೆ ಹೇಳುವವನನ್ನು ಮುಂದಿನ ಸಂತೆಯಲ್ಲಿ ಯಾರೂ ಮಾತಾಡಿಸುವುದಿಲ್ಲ. (ಆದ್ದರಿಂದ ಈ ಎತ್ತಿಗೆ ಎಷ್ಟು ಕೊಟ್ಟೆ ಎಂದು ಪತ್ರ ಬರೆದು ಕೇಳಬೇಡಿ.)

ನನ್ನ ಪ್ರಾಯದ ಕಾಲದಲ್ಲಿ ಈ ಟವಲಿನಡಿ ನಾನು ಗೆದ್ದದ್ದೇ ಇಲ್ಲ. ಯಾಕೆಂದು ಹೇಳಿಕೊಟ್ಟವರು ಕುಂಞಾಲಿ ಕಾಕ, ನೆಲ್ಯಹುದಿಕೇರಿಯ ದನದ ದಲ್ಲಾಳಿ. ನಾನು ಆಗ ಎಸ್ಟೇಟುಗಳಲ್ಲಿ ಕಿತ್ತಳೆ ಬುಟ್ಟಿ ಹೊರುತ್ತಿದ್ದೆ. ಸ್ವಂತ ಗಾಡಿಯ ಆಸೆ. ಮೂರು ಸಂತೆ ಎತ್ತಿಗೆಂದು ಹೋಗಿ ಮೂರು ಸಲವೂ ಸೋತು ಬಂದೆ.

“ಮೋನೇ, ನಿನ್ನ ಬಾಯಿ ಮುಚ್ಚಿದೆ, ಕೈ ಕೂಗ್ತಾ ಉಂಟು” ಎಂದರು ಕಾಕ. (ಮೋನೇ ಎಂದರೆ ಅವರ ಮಲಯಾಳದಲ್ಲಿ ಮಗನೇ.) “ಬೇಕು, ಬೇಕು, ಬೇಕು ಅಂತ. ಅಷ್ಟು ಬೆವರು. ನಾಡಿ ಚೆಂಡೆ ಹೊಡೆದ ಹಾಗೆ. ಇಂಥ ಕೈಗೆ ಯಾವನು ಬೆಲೆ ಇಳಿಸ್ತಾನೆ ಮಾರಾಯ?”

“ಕೈ ಬೆವತರೆ ನಾನೇನು ಮಾಡಲಿ ಕಾಕ?”

“ಕೈಗೆ ಹೇಳಿದ್ರೆ ಅದು ಕೇಳೂದಿಲ್ಲ. ಕಾಲಿಗೆ ಹೇಳು.”

ಹಿಮ್ಮಡಿಯ ವಿದ್ಯೆ ಕಾಕನದು. ಉದ್ದ ಉಸಿರೂ ಅವರದೇ. “ಒದ್ದೆ ಸೌದೆಗೆ ಊದುಗೊಳವೆಯಲ್ಲಿ ಊದೂದಿಲ್ವಾ? ಮೆಲ್ಲ, ಉದ್ದ. ಹಾಗೆ.” ವ್ಯಾಪಾರಕ್ಕೆ ನಿಲ್ಲುವ ಮೊದಲು ಹೊಳೆಗಿಳಿದು ಮುಂಗೈ ಅದ್ದಿಕೊಂಡು ಬರುವುದೂ ಅವರದೇ. ದವಡೆ ಮಾತ್ರ ನಾನು ಸೇರಿಸಿದ್ದು. ನಾಲ್ಕನೆಯ ಸಂತೆಗೆ ನನ್ನ ಕೈ ಒಣಗಿತು. ಎತ್ತು ಬಂತು. ಗಾಡಿ ಬಂತು. ಬುಟ್ಟಿ ಹೊತ್ತ ಎಸ್ಟೇಟಿನಲ್ಲೇ ಮರದ ಮೇಲಿನ ಕಿತ್ತಳೆಗೆ ಬೆಲೆ ಕಟ್ಟುವವನಾದೆ. ಇವತ್ತು ನಾಲ್ಕು ಗಾಡಿ ಇವೆ. ಎಲ್ಲಕ್ಕೂ ಬುಡ ಈ ಹಿಮ್ಮಡಿ ಎಂದರೆ ನೀವು ನಗುತ್ತೀರಿ. ನಗಿ. ಎಸ್ಟೇಟಿನ ದೊರೆ ಬಂಗಲೆಯ ಮೆಟ್ಟಿಲ ಮೇಲೆ ನಿಂತು ಕೂಗಾಡುವಾಗ ನನ್ನ ಧ್ವನಿ ಏರಿಲ್ಲ. ಕುಶಾಲನಗರದ ಹೋಟೆಲಿನಲ್ಲಿ ನಮ್ಮ ಪುಟ್ಟ ಕೊಡಗು ರಾಜ್ಯ ಮೈಸೂರಿಗೆ ಸೇರಬೇಕೋ ಬೇಡವೋ ಎಂದು ಬೆಂಚು ಎತ್ತಿಕೊಳ್ಳುವವರ ಮಧ್ಯೆ ಕೂತು ದೋಸೆ ಪೂರ್ತಿ ತಿಂದು ಎದ್ದು ಬಂದಿದ್ದೇನೆ.

ಮೊದಲು ನಾನು ಹೀಗಿರಲಿಲ್ಲ. ಇದು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ.

ನಮ್ಮ ತಂದೆಯ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಹಾರಂಗಿ ಹೊಳೆಯ ದಡದಲ್ಲಿ ನೆಲೆಯಾದವರು ನಾವು. ತಂದೆ ಬೇಗ ತೀರಿಕೊಂಡರು. ಮನೆ ಹೊತ್ತವನು ಅಣ್ಣ ಕಾಳಪ್ಪ. ನನಗಿಂತ ಒಂಬತ್ತು ವರ್ಷ ದೊಡ್ಡವನು. ನನ್ನನ್ನು ಅವನು ಹೆಸರು ಹಿಡಿದು ಕರೆದದ್ದಿಲ್ಲ, ಸಣ್ಣ ಎನ್ನುತ್ತಿದ್ದ.

ನನಗೆ ಇಪ್ಪತ್ಮೂರು. ಕಿತ್ತಳೆ ಸುಗ್ಗಿ. ಗಾಡಿ ಕಟ್ಟಿಕೊಂಡು ಸಿದ್ದಾಪುರದ ಕಡೆ ಬಾಡಿಗೆಗೆ ಹೋಗುತ್ತೇನೆಂದೆ. ಎಡದ ಎತ್ತಿಗೆ ಗೊರಸು ನೋವು, ಕಳಿಸುವುದಿಲ್ಲ ಎಂದ ಅಣ್ಣ. ಮಾತಿಗೆ ಮಾತು ಬೆಳೆಯಿತು. ಕೈಗೆ ಸಿಕ್ಕಿದ್ದು ನೊಗದ ಗೂಟ. ಎತ್ತಿದ್ದು ನೆನಪಿದೆ, ಬೀಸಿದ್ದು ನೆನಪಿಲ್ಲ. ಅಣ್ಣ ತಲೆಗೆ ಅಡ್ಡ ಹಿಡಿದ ಬಲಗೈಗೆ ಏಟು ಬಿತ್ತು. ಕಿರುಬೆರಳು ಮುರಿಯಿತು. ಅದೇ ಮಧ್ಯಾಹ್ನ ಉಟ್ಟ ಬಟ್ಟೆಯಲ್ಲಿ ನಾನು ಊರು ಬಿಟ್ಟೆ. ಎಸ್ಟೇಟಿನಲ್ಲಿ ಬುಟ್ಟಿ ಹೊತ್ತದ್ದು, ಕಾಕ ಸಿಕ್ಕಿದ್ದು ಎಲ್ಲ ಅದರ ನಂತರ. ನಾಟಿ ವೈದ್ಯರು ಕಟ್ಟಿದ ಬೆರಳು ಕೊಕ್ಕೆಯಂತೆ ಕೂಡಿಕೊಂಡಿತು ಎಂದು ಆಮೇಲೆ ಯಾರೋ ಹೇಳಿದರು.

ಹದಿನಾರು ವರ್ಷ. ನಡುವೆ ಅಮ್ಮ ಹೋದಾಗ ಒಂದು ಸಲ ಹೋಗಿದ್ದೆ. ದೂರ ನಿಂತೆ, ಮಣ್ಣು ಹಾಕಿದೆ, ಬಂದೆ. ಅಣ್ಣ ಮಾತಾಡಲಿಲ್ಲ. ನಾನೂ. ಅವನಿರುವುದು ನನ್ನ ಈಗಿನ ಮನೆಯಿಂದ ಎಂಟು ಮೈಲಿ. ಎಂಟು ಮೈಲಿಗೆ ಹದಿನಾರು ವರ್ಷ ಹಿಡಿಯುವ ಗಾಡಿ ಕೊಡಗಿನಲ್ಲಿ ನನ್ನದೊಂದೇ ಇರಬೇಕು.

ಸರಿ, ಮಂಗಳವಾರಕ್ಕೆ ಬನ್ನಿ.

ನನ್ನ ಒಂದು ಎತ್ತಿಗೆ ಕಾಲು ಹೋಗಿತ್ತು. ಸುಗ್ಗಿ ಎದುರಿಗಿದೆ, ಜೋಡಿ ಬೇಕೇ ಬೇಕು. ಸಂತೆಯಲ್ಲಿ ಕಾಕ ಸಿಕ್ಕರು. ಈಗ ಅವರಿಗೆ ಎಪ್ಪತ್ತು ದಾಟಿದೆ, ಹಲ್ಲಿಲ್ಲ, ನಾಲಗೆ ಇದೆ. “ನಿನಗೆ ಅಂತಲೇ ಒಂದು ಉಂಟು, ಬಾ” ಎಂದು ಮರದಡಿಗೆ ಕರೆದುಕೊಂಡು ಹೋದರು. ಎತ್ತನ್ನು ನೋಡಿದೆ. ಬಾಯಿ ಬಿಡಿಸಿ ಹಲ್ಲು ನೋಡಿದೆ. ಬೆನ್ನು ತಟ್ಟಿದೆ. ಗೊರಸು ಎತ್ತಿ ನೋಡಿದೆ. ಇದರ ಜೋಡಿ ಮಳೆಗಾಲದಲ್ಲಿ ಕಾಯಿಲೆ ಬಿದ್ದು ಸತ್ತಿತಂತೆ, ಅದಕ್ಕೇ ಒಂಟಿ ಮಾರುತ್ತಿದ್ದಾರೆ ಎಂದರು ಕಾಕ.

“ಯಾರದು?”

ಎತ್ತಿನ ಆ ಪಕ್ಕದಿಂದ ಅಣ್ಣ ಎದ್ದು ನಿಂತ.

ತಲೆ ಪೂರಾ ಬೆಳ್ಳಗಾಗಿತ್ತು. ನನ್ನ ಮುಖ ನೋಡಲಿಲ್ಲ. ಎತ್ತಿನ ಕತ್ತಿನಡಿಯ ಗಂಗೆದೊಗಲು ಸವರುತ್ತಾ ನಿಂತ. ನಾನು ಕಾಕನನ್ನು ನೋಡಿದೆ. ಕಾಕ ಆಕಾಶ ನೋಡಿದರು.

“ಕೈ ಕೊಡಿ ಇಬ್ಬರೂ” ಎಂದರು. “ಎತ್ತು ಬೇಕಾ ಬೇಡವಾ? ಜನ ನೋಡ್ತಾ ಉಂಟು.”

ಜನ ನೋಡುತ್ತಿದ್ದರು. ಕೈ ಚಾಚಿದೆ. ಅಣ್ಣನೂ ಚಾಚಿದ. ಟವಲು ಬಿತ್ತು.

ಟವಲಿನೊಳಗೆ ನನ್ನ ಅಂಗೈಗೆ ಮೊದಲು ತಗುಲಿದ್ದು ಆ ಕೊಕ್ಕೆ ಬೆರಳು.

ಓದುಗರೇ, ಇಲ್ಲಿಯವರೆಗೆ ನಿಮಗೆ ಬುದ್ಧಿ ಹೇಳಿಕೊಂಡು ಬಂದ ನನಗೆ ಆ ಹೊತ್ತು ಏನಾಯಿತು ಎಂಬುದನ್ನು ಇದ್ದ ಹಾಗೇ ಹೇಳುತ್ತೇನೆ. ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗಾಯಿತು. ಸಂತೆಯ ಗದ್ದಲವೆಲ್ಲ ಯಾರೋ ಬಾಗಿಲು ಮುಚ್ಚಿದಂತೆ ದೂರ ಹೋಯಿತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಒಂದೋ ಅತ್ತುಬಿಡುತ್ತಿದ್ದೆ, ಇಲ್ಲವೋ ಕೈ ಕಿತ್ತುಕೊಂಡು ಓಡುತ್ತಿದ್ದೆ.

ಹಿಮ್ಮಡಿ ಊರಿದೆ. ನೆಲ ಗಟ್ಟಿ ಇತ್ತು. ಉಸಿರು ಬಿಟ್ಟೆ, ಉದ್ದಕ್ಕೆ. ಇನ್ನೊಂದು ಸಲ. ದವಡೆ ಸಡಿಲಿಸಿದೆ. ಐದನೆಯ ಉಸಿರಿಗೆ ಸಂತೆಯ ಗದ್ದಲ ವಾಪಸು ಬಂತು. ಏಳನೆಯದಕ್ಕೆ ಕೈ ತಣ್ಣಗಾಯಿತು, ಒಣಗಿತು. ಬಾಳೆಲೆಯ ಹಾಗೆ.

ವಿದ್ಯೆ ಕೈಬಿಡಲಿಲ್ಲ. ಅದು ಒಳ್ಳೆಯದೇ ಮಾಡಿತು. ಆ ಮೊದಲ ನಿಮಿಷಕ್ಕೆ ಅದು ಬೇಕಿತ್ತು. ನಾನು ತಪ್ಪು ಮಾಡಿದ್ದು ಎರಡನೆಯ ನಿಮಿಷದಲ್ಲಿ.

ಕೈ ಒಣಗಿದ ತಕ್ಷಣ ನನ್ನೊಳಗಿನ ವ್ಯಾಪಾರಿ ಎದ್ದು ಕೂತ. ಇಪ್ಪತ್ತು ಸಂತೆಯಲ್ಲಿ ಪಳಗಿದವನು, ಅವನಿಗೆ ಅಣ್ಣನೇನು ತಮ್ಮನೇನು. ಅಣ್ಣ ಒಂದು ಬೆಲೆ ಹಿಡಿದ. ನಾನು ಕಡಿಮೆ ಹಿಡಿದೆ. ಅಣ್ಣ ಸ್ವಲ್ಪ ಇಳಿದ. ನಾನು ಅಲ್ಲೇ ನಿಂತೆ. ಅಣ್ಣ ಇಳಿದವನು ಮತ್ತೆ ಏರಿದ. ಮತ್ತೆ ಇಳಿದ. ಮತ್ತೆ ಮೊದಲಿನ ಬೆರಳಿಗೇ ಬಂದ. ಹೀಗೆ ಯಾರೂ ವ್ಯಾಪಾರ ಮಾಡುವುದಿಲ್ಲ. ಮೂರು ಹಿಡಿತದಲ್ಲಿ ಮುಗಿಯುವ ಮಾತು ಮೂವತ್ತಾದರೂ ಮುಗಿಯಲಿಲ್ಲ. ಕೈ ಬಿಡಿಸಿಕೊಳ್ಳಲೂ ಇಲ್ಲ, ತಟ್ಟಲೂ ಇಲ್ಲ. ಸುತ್ತ ನಿಂತವರು ಬೇಸತ್ತು ಚದುರಿದರು.

ಇದರ ಅರ್ಥ ನಾನು ಹೇಗೆ ಮಾಡಿದೆ? ಮಾರುವವನಿಗೆ ತುರ್ತು ಇದೆ, ಧೈರ್ಯ ಇಲ್ಲ, ಇನ್ನೂ ಒತ್ತಬಹುದು. ಒತ್ತಿದೆ. ನನ್ನ ಬೆಲೆಗೆ ಅವನ ಬೆರಳು ಬಂತು. ಅಂಗೈಗೆ ತಟ್ಟಿದೆ.

ಟವಲು ತೆಗೆದರು. ಅಣ್ಣ ತನ್ನ ಬಲಗೈಯನ್ನು ಒಂದು ಸಲ ನೋಡಿಕೊಂಡ. ಪಂಚೆಗೆ ಒರೆಸಿಕೊಂಡ. ಎತ್ತಿನ ಹಗ್ಗ ನನ್ನ ಕೈಗೆ ಕೊಟ್ಟು, “ಎಡಕ್ಕೆ ಕಟ್ಟಿ ಅಭ್ಯಾಸ ಇದಕ್ಕೆ” ಎಂದ. ಹದಿನಾರು ವರ್ಷದ ಮೇಲೆ ಆಡಿದ ಮಾತು ಅಷ್ಟು. “ಹ್ಞೂಂ” ಎಂದೆ. ನನ್ನದೂ ಅಷ್ಟು.

ಮನೆಗೆ ಎತ್ತು ಹೊಡೆದುಕೊಂಡು ಬಂದಾಗ ನಮ್ಮ ಮನೆಯವಳು ಆರತಿ ಹಿಡಿದು ಬಂದಳು. ಎತ್ತಿನ ಹಣೆಗೆ ಕುಂಕುಮ ಇಟ್ಟವಳು ಅಲ್ಲೇ ನಿಂತಳು.

“ಇದೇನ್ರೀ, ಹಗ್ಗ ಮಾರಿದೋರದ್ದೇ ಅದೆ?”

“ಹೌದು, ಕೊಟ್ಟ. ಅದಕ್ಕೇನು?”

“ಅದಕ್ಕೇನು ಅಂತೀರಾ? ದನ ಮಾರೋರು ಹಗ್ಗ ಬಿಚ್ಕೊಂಡೇ ಅಲ್ವಾ ಕೊಡಾದು? ಹಗ್ಗದ ಜೊತೆ ಕೊಟ್ಟಿಗೆ ಲಕ್ಷ್ಮಿ ಹೊಂಟೋಗ್ತಾಳೆ ಅಂತ ನಮ್ಮಪ್ಪ ಸಾಯೋವರ್ಗೂ ಒಂದು ಹಗ್ಗ ಬುಟ್ಟಿಲ್ಲ. ಹೊರಗಿನೋರಿಗೆ ಯಾರ್ರೀ ಕೊಡ್ತಾರೆ ಹಗ್ಗವ? ಯಾರ ಎತ್ತು ಇದು?”

ಹೇಳಿದೆ. ಆರತಿ ತಟ್ಟೆ ಕೆಳಗಿಟ್ಟಳು.

“ಎಷ್ಟೊತ್ತು ಕೈ ಹಿಡ್ಕೊಂಡಿದ್ರಿ?”

“ಬಹಳ ಹೊತ್ತು. ಅವನಿಗೆ ಚೌಕಾಸಿ ಬರೋದಿಲ್ಲ.”

“ನಿಮಗೆ ಅದೊಂದೇ ಬರೋದು” ಎಂದಳು. ಒಳಗೆ ಹೋದಳು. ಮುದ್ದೆ ಅರ್ಧ ಉಳಿದದ್ದು ಈ ಊಟದಲ್ಲಿ.

ಗುರುವಾರ ನೆಲ್ಯಹುದಿಕೇರಿಗೆ ಹೋದೆ. ಕಾಕ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಹಾಲಿಲ್ಲದ ಕಟ್ಟನ್ ಚಾಯ ತರಿಸಿದರು. ನಾನು ಕೇಳುವುದಕ್ಕೂ ಮುಂಚೆಯೇ ಬೈಗುಳ ಶುರು.

“ನೀನು ಮನುಷ್ಯನಾ, ಕಲ್ಲಾ? ನಾನು ಎರಡು ವಾರ ಅವನ ಹಿಂದೆ ತಿರುಗಿ ಆ ಎತ್ತನ್ನು ಸಂತೆಗೆ ತರಿಸಿದ್ದು. ಅವನು ಅವನ ಊರಲ್ಲೇ ಕೊಡ್ತೇನೆ ಅಂದ. ಬೇಡ, ಒಬ್ಬ ಗಿರಾಕಿ ಉಂಟು ಅಂತ ಹೇಳಿದೆ. ಯಾರು ಅಂತ ಕೇಳಿದ. ಹೇಳಿದೆ. ಆದರೂ ಬಂದ ನೋಡು!”

“ನನಗೆ ಹೇಳಬಹುದಿತ್ತಲ್ಲ ಕಾಕ.”

“ಹೇಳಿದ್ರೆ ನೀನು ಬರ್ತಿದ್ದಿಯಾ?”

ಚಾಯ ಕುಡಿದೆ.

“ನೀನು ಎತ್ತು ಹೊಡ್ಕೊಂಡು ಹೋದ ಮೇಲೆ ನಿನ್ನ ಅಣ್ಣ ನನ್ನತ್ರ ಏನು ಹೇಳಿದ ಗೊತ್ತುಂಟಾ? ‘ಕಾಕ, ಅವನ ಕೈ ಒಂದ್ಸಲ ನಡುಗ್ತದೇನೋ, ಬೆವರ್ತದೇನೋ ಅಂತ ಕಾದೆ. ಮೇಲೆ ಹೋದೆ, ಕೆಳಗೆ ಬಂದೆ, ಸುಮ್ಮನೆ ಹಿಡ್ಕೊಂಡಿದ್ದೆ. ಒಂಚೂರು ಬೆವತಿದ್ರೂ ಟವಲು ಎಸೆದು, ದುಡ್ಡು ಬ್ಯಾಡ, ಹಂಗೇ ಹೊಡ್ಕೊಂಡ್ ಹೋಗ್ಲಾ ಅಂತಿದ್ದೆ. ನಮ್ಮ ಸಣ್ಣನ ಕೈ ಅಲ್ಲ ಬುಡು ಅದು.’ ಹೀಗೆ ಹೇಳಿದ.”

ಕಾಕ ಲೋಟ ಕೆಳಗಿಟ್ಟರು. “ನಾನು ನಿನಗೆ ಕಲಿಸಿದ್ದು ಎತ್ತು ತಗೊಳ್ಳಲಿಕ್ಕೆ, ಮೋನೇ. ಎಲ್ಲರ ಹತ್ರ ಹೀಗೆ ನಿಲ್ಲು ಅಂತ ನಾನು ಯಾವಾಗ ಹೇಳಿದೆ?”

ಹೇಳಿರಲಿಲ್ಲ. ನಾನೂ ನಿಮಗೆ ಹೇಳಿರಲಿಲ್ಲ. ಅದೇ ಆ ಬಿಟ್ಟುಹೋದ ಸಾಲು.

ಈಗ ಬರೆದುಕೊಳ್ಳಿ. ಹಿಮ್ಮಡಿ ಊರುವುದು, ಉಸಿರು ಬಿಡುವುದು, ನೀರಿಗೆ ಕೈ ಅದ್ದುವುದು ಎಲ್ಲ ಗಾಡಿಗೆ ಬ್ರೇಕು ಇದ್ದ ಹಾಗೆ. ಇಳಿಜಾರಿನಲ್ಲಿ ಹಾಕದಿದ್ದರೆ ಗಾಡಿಯೂ ಹೋಗುತ್ತದೆ, ಎತ್ತೂ ಹೋಗುತ್ತದೆ, ಎದುರಿಗೆ ಬಂದವನ ಬೆರಳೂ ಹೋಗುತ್ತದೆ. ನನಗೆ ಇಪ್ಪತ್ಮೂರರಲ್ಲಿ ಇದು ಗೊತ್ತಿದ್ದಿದ್ದರೆ ನೊಗದ ಗೂಟ ನೆಲದಲ್ಲೇ ಇರುತ್ತಿತ್ತು. ಆದ್ದರಿಂದ ಕಲಿಯಿರಿ, ಮಕ್ಕಳಿಗೂ ಕಲಿಸಿ. ಆದರೆ ಇಳಿಜಾರು ಮುಗಿದ ಮೇಲೆ ಬ್ರೇಕು ಬಿಡಬೇಕು. ಬಿಡದೆ ಹೊಡೆದರೆ ಎತ್ತು ಎಷ್ಟು ಎಳೆದರೂ ಗಾಡಿ ಅಲ್ಲೇ. ನಾನು ಹದಿನಾರು ವರ್ಷ ಬ್ರೇಕು ಹಾಕಿದ ಗಾಡಿಯನ್ನು ಹೊಡೆದುಕೊಂಡು, ನೋಡಿ ನನ್ನ ಗಾಡಿ ಎಷ್ಟು ಭದ್ರ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನು.

ಬಿಡುವುದು ಹೇಗೆ ಎಂದು ಕೇಳುತ್ತೀರಿ. ಅದಕ್ಕೂ ಮೈಯೇ ದಾರಿ. ಇದು ಭಾನುವಾರ ತಿಳಿಯಿತು.

ಭಾನುವಾರ ಬೆಳಿಗ್ಗೆ ಹಾರಂಗಿ ಕಡೆಗೆ ನಡೆದೇ ಹೋದೆ. ಮಿಕ್ಕ ಮೂರು ಗಾಡಿ ಬಾಡಿಗೆಗೆ ಹೋಗಿದ್ದವು, ಉಳಿದ ಗಾಡಿಗೆ ಕಟ್ಟಬೇಕಾದದ್ದು ಆ ಎತ್ತನ್ನೇ, ಅದು ನನಗೆ ಸರಿ ಕಾಣಲಿಲ್ಲ. ಮನೆಯವಳು ಒಂದು ಚೀಲ ಕಿತ್ತಳೆ ಕೊಟ್ಟಳು. “ಹಣ್ಣು ಕೊಡಾವಾಗ ಬೆಲೆ ಹೇಳ್ಬೇಡಿ” ಎಂದು ಎಚ್ಚರಿಕೆಯನ್ನೂ ಕೊಟ್ಟಳು.

ಅಣ್ಣ ಅಂಗಳದಲ್ಲಿ ಕೂತು ಬುಟ್ಟಿಯ ಅಂಚು ಕಟ್ಟುತ್ತಿದ್ದ. ನನ್ನನ್ನು ನೋಡಿದ. ಕೆಲಸ ನಿಲ್ಲಿಸಲಿಲ್ಲ. ನಾನು ಚಪ್ಪಲಿ ಬಿಟ್ಟು ಅಂಗಳದ ತುದಿಯಲ್ಲಿ ನಿಂತೆ. ಕಿವಿಯಲ್ಲಿ ಜೀರುಂಡೆ ಶುರುವಾಯಿತು. ಹಿಮ್ಮಡಿಗಳು ಅಭ್ಯಾಸಬಲದಿಂದ ತಾವಾಗಿಯೇ ನೆಲಕ್ಕೆ ಊರತೊಡಗಿದವು. ಬೇಕೆಂದೇ ಎತ್ತಿಬಿಟ್ಟೆ. ಕಾಲ್ಬೆರಳ ತುದಿಯ ಮೇಲೆ ನಿಂತ ಕಳ್ಳನ ಹಾಗೆ ಕಂಡಿರಬೇಕು. ಉಸಿರು ಉದ್ದ ಬಿಡಲು ಹೋಯಿತು. ಬೇಡ ಎಂದೆ. ಅದು ಇಷ್ಟ ಬಂದ ಹಾಗೆ ಓಡಿತು.

ಅತ್ತಿಗೆ ಹೊರಗೆ ಬಂದರು. ನನ್ನನ್ನು ನೋಡಿ ಒಂದು ಗಳಿಗೆ ಬಾಗಿಲ ಚೌಕಟ್ಟು ಹಿಡಿದರು. ಆಮೇಲೆ ಒಳಗೆ ಹೋಗಿ ಮಜ್ಜಿಗೆ ತಂದರು.

“ತಗೊಳಪ್ಪ ಸಣ್ಣಪ್ಪ. ನಿಂತ್ಕೊಂಡೇ ಕುಡೀತೀಯೋ, ಕೂತ್ಕೊತೀಯೋ?”

ಲೋಟ ತೆಗೆದುಕೊಂಡೆ. ಕೈ ಕೇಳಲಿಲ್ಲ. ಮಜ್ಜಿಗೆ ತುಳುಕಿ ಅಂಗಿಯ ಮೇಲೆ, ಪಂಚೆಯ ಮೇಲೆ, ಅತ್ತಿಗೆಯ ಕಾಲ ಮೇಲೆ.

“ಅಯ್ಯೋ, ಇದೇನಪ್ಪ! ಈ ವಯಸ್ಸಿಗೇ ಕೈ ಹಿಂಗೆ ನಡುಗ್ತದಲ್ಲ?”

ಅಣ್ಣ ಬುಟ್ಟಿಯಿಂದ ತಲೆ ಎತ್ತಿದ. ಲೋಟ ನೋಡಿದ, ನನ್ನ ಕೈ ನೋಡಿದ. ಆಮೇಲೆ ಹೆಂಡತಿಗೆ ಹೇಳಿದ:

“ನಡುಗ್ಲಿ ಬುಡೇ. ಅವನ್ದೇ ಕೈ ಅದು.”

ಬುಟ್ಟಿ ಪಕ್ಕಕ್ಕಿಟ್ಟ. “ಬಾರ್ಲಾ ಸಣ್ಣ, ಕೂತ್ಕೊ” ಎಂದ.

ಕೂತೆ. ಬಹಳ ಹೊತ್ತು ಇಬ್ಬರೂ ಕಿತ್ತಳೆ ಸುಲಿದೆವು. ಅವನ ಕಿರುಬೆರಳು ಸಿಪ್ಪೆಗೆ ಬಗ್ಗುವುದಿಲ್ಲ, ಉಳಿದ ನಾಲ್ಕರಲ್ಲೇ ಸುಲಿಯುತ್ತಾನೆ. ನನಗಿಂತ ಚುರುಕಾಗಿ.

“ನೋಯ್ತದಾ ಅದು?” ಎಂದು ಕೇಳಿದೆ. ಧ್ವನಿ ಅರ್ಧದಲ್ಲಿ ಒಡೆಯಿತು. ಒಡೆಯಲಿ ಎಂದು ಬಿಟ್ಟೆ.

“ಮಳೆ ಬರಾವಾಗ ನೋಯ್ತದೆ” ಎಂದ ಅಣ್ಣ. “ಕೊಡಗ್ನಾಗೆ ಇದ್ಕೊಂಡು ಇನ್ನೇನ್ ಮಾಡಾದು.”

ಅತ್ತಿಗೆ ನಕ್ಕರು. ಅಣ್ಣ ನಕ್ಕನೋ ಇಲ್ಲವೋ ನೋಡಲಾಗಲಿಲ್ಲ. ನನ್ನ ಕಣ್ಣಲ್ಲಿ ಕಿತ್ತಳೆ ಸಿಪ್ಪೆಯ ರಸ ಸಿಡಿದಿತ್ತು. (ಹಾಗೆಂದು ಅತ್ತಿಗೆಗೆ ಹೇಳಿದೆ. ಅವರು ನಂಬಲಿಲ್ಲ. ನೀವೂ ನಂಬಬೇಕಿಲ್ಲ.)

ಹೊರಡುವಾಗ ಎತ್ತಿನ ಮಾತು ತೆಗೆದೆ. ಬೆಲೆ ಸರಿಯಾಗಲಿಲ್ಲ, ಸರಿ ಮಾಡುತ್ತೇನೆ ಎಂದೆ. ಅಣ್ಣ ಒಪ್ಪಲಿಲ್ಲ. “ಟವಲ್ನಾಗೆ ಆಗಿದ್ದು ಆಗೋಯ್ತು. ಅದ್ನ ಈಚೆಗೆ ತೆಗೆದ್ರೆ ಸಂತೆಗೇ ಅವಮಾನ. ಆ ಎತ್ತು ನಮ್ ಬೇಸಾಯಕ್ಕೆ ಬೇಕಾದಾಗ ಹೊಡ್ಕೊಂಡ್ ಬಾ, ಉತ್ತುಕೊಡು. ಹಗ್ಗ ನಮ್ದೇ ಅಲ್ವಾ?”

ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ, ಕೈ ಒಣಗಲು ಕಲಿತ ಮೇಲೆ ನಾನು ಸೋತ ಒಪ್ಪಂದ ಇದೊಂದೇ. ವರ್ಷಕ್ಕೆ ಎರಡು ಸಲ ಎಂಟು ಮೈಲಿ ಎತ್ತು ಹೊಡೆಯಬೇಕು. ಬಾಡಿಗೆ ಇಲ್ಲ. ಮಜ್ಜಿಗೆ ಉಂಟು.

ಪತ್ರ ಬರೆದ ಟೀಚರಿಗೆ, ಭಾಗಮಂಡಲದ ಬಸ್ಸಿನ ಕಂಡಕ್ಟರಿಗೆ, ನನ್ನ ಮಾತು ಕೇಳಿ ಹಿಮ್ಮಡಿ ಊರಲು ಕಲಿತ ಎಲ್ಲರಿಗೂ ಒಂದೇ ಪ್ರಶ್ನೆ. ಸಂತೆಯಲ್ಲಿ ಕೈ ಒಣಗಿರಲಿ, ಒಪ್ಪಿದೆ. ಅದೇ ಒಣ ಕೈ ಹಿಡಿದುಕೊಂಡು ಮನೆಗೂ ಹೋದರೆ, ಅಲ್ಲಿ ಯಾರಿಗೆ ಏನು ಮಾರುತ್ತೀರಿ?